ಹಾಂಗ್‌ಕಾಂಗ್–ಟೋಕಿಯೋ: ದೂರ ಸರಿಯಾಗಿದೆ, ಸಮಯ ಮಾತ್ರ ನಂಬಬೇಡಿ

ಎರಡು ಊರಿನ ಹೆಸರು ಹಾಕಿದರೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಹೇಳುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ನಾನು ಹೆಚ್ಚಾಗಿ ಬಳಸುವ ಒಂದರ ಬಗ್ಗೆ ಬರೆಯುತ್ತಿದ್ದೇನೆ. ಅಮ್ಮ ಮತ್ತು ನಾನು ಹಾಂಗ್‌ಕಾಂಗ್‌ನಲ್ಲಿದ್ದೇವೆ, ತಂಗಿ ಟೋಕಿಯೋದಲ್ಲಿ. ಹಾಗಾಗಿ ಈ ದಾರಿ ನನಗೆ ಚೆನ್ನಾಗಿ ಗೊತ್ತು.

ದೂರ ಸುಮಾರು 2,900 ಕಿಲೋಮೀಟರ್ ಎನ್ನುತ್ತದೆ. ಸರಿಯಾಗಿದೆ. ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿದು ಅಳೆಯುತ್ತದೆ. ಪುಟ ಬೇಗ ತೆರೆಯುತ್ತದೆ, ಜಾಹೀರಾತಿನ ಕಾಟ ಕಡಿಮೆ.

ತೊಂದರೆ ಇರುವುದು ಸಮಯದಲ್ಲಿ. ಸುಮಾರು 4 ಗಂಟೆ ಎಂದು ತೋರಿಸುತ್ತದೆ. ಊರುಗಳನ್ನು ಅದಲು ಬದಲು ಮಾಡಿದರೂ ಅದೇ 4 ಗಂಟೆ! ದೂರವನ್ನು ಒಂದೇ ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ಇಷ್ಟು ಬರುತ್ತದೆ. ಆದರೆ ಗಾಳಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಹೇಗೆ?

ಜಪಾನಿನ ಮೇಲೆ, ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಇದನ್ನು ಮೊದಲು ಬಲೂನು ಹಾರಿಸಿ ಅಳೆದವರಲ್ಲಿ ಒಬ್ಬರು ಜಪಾನಿನವರೇ ಆದ ವಾಸಬುರೋ ಓಇಶಿ. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ಅವರು ವರದಿಯನ್ನು ಎಲ್ಲ ದೇಶದವರಿಗೂ ಆಗಲಿ ಎಂದು ರೂಪಿಸಿದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಪಾಪ, ಹೊರಗಿನವರು ಹೆಚ್ಚು ಗಮನಿಸಲೇ ಇಲ್ಲ. ಅಂಥ ಕೆಲಸ ಆಗಿ ಇಷ್ಟು ವರ್ಷವಾದ ಮೇಲೂ ಒಂದು ವೆಬ್‌ಸೈಟ್ ಗಾಳಿಯನ್ನು ಮರೆತರೆ ಬೇಜಾರಾಗುತ್ತದೆ.

ಜನವರಿಯಲ್ಲಿ ಟೋಕಿಯೋಗೆ ಹೋಗುವಾಗ 4 ಗಂಟೆ ಸಾಕು. ಬರುವಾಗ ಗಾಳಿಗೆ ಎದುರಾಗಿ ಹಾರಬೇಕು, 5 ಗಂಟೆ ದಾಟುತ್ತದೆ. ಟಿಕೆಟ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಟೋಕಿಯೋ ಗಡಿಯಾರ ಒಂದು ಗಂಟೆ ಮುಂದಿದೆ, ಅಲ್ವಾ? ಬೆಳಿಗ್ಗೆ 9ಕ್ಕೆ ಹಾಂಗ್‌ಕಾಂಗ್ ಬಿಟ್ಟರೆ ಅಲ್ಲಿ ಮಧ್ಯಾಹ್ನ 2 ಗಂಟೆ. ವಾಪಸ್ 10ಕ್ಕೆ ಹೊರಟರೆ ಇಲ್ಲಿಗೆ 2:15. ಸುಮ್ನೆ ಕಳೆದು ನೋಡಿದರೆ ಹೋಗುವುದಕ್ಕೇ ಜಾಸ್ತಿ ಹೊತ್ತು ಅನ್ನಿಸುತ್ತದೆ. ನಿಜ ಉಲ್ಟಾ.

ಒಂದು ಗಂಟೆ ಹೆಚ್ಚು ಕಡಿಮೆಯಾದರೆ ಏನು ಮಹಾ ಅನ್ನಬೇಡಿ. ಅಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ, ಊಟ ಎಲ್ಲ ಹೊತ್ತಿಗೆ ಸರಿಯಾಗಿ ಆಗಬೇಕು. ಮಂಡಿ ನೋವಿರುವುದರಿಂದ ನಡುವೆ ಎದ್ದು ಓಡಾಡಬೇಕು. ಬರುವ ದಿನ ಬ್ಯಾಗಿನಲ್ಲಿ ತಿಂಡಿ ಜಾಸ್ತಿ ಇಡುತ್ತೇನೆ, ನಡುದಾರಿಯ ಪಕ್ಕದ ಸೀಟೇ ಹಿಡಿಯುತ್ತೇನೆ.

ಐದರಲ್ಲಿ ಮೂರು ನಕ್ಷತ್ರ. ದೂರ ತಿಳಿಯಲು ಧಾರಾಳವಾಗಿ ಬಳಸಿ. ಸಮಯಕ್ಕೆ ಮಾತ್ರ ನೀವು ಹೊರಡುವ ತಿಂಗಳಿನ ವಿಮಾನ ವೇಳಾಪಟ್ಟಿ ನೋಡಿ, ಗಡಿಯಾರದ ವ್ಯತ್ಯಾಸಕ್ಕೆ ಹೋಗುವಾಗ ಒಂದು ಗಂಟೆ ಕಳೆಯಿರಿ, ಬರುವಾಗ ಕೂಡಿಸಿ. ಇನ್ನೊಂದು ವಿಷಯ. ಈ ವೆಬ್‌ಸೈಟ್ ಬರೀ ಟೋಕಿಯೋ ಎಂದು ಕೇಳುತ್ತದೆ, ಯಾವ ವಿಮಾನ ನಿಲ್ದಾಣ ಎಂದು ಕೇಳುವುದಿಲ್ಲ. ಅಲ್ಲಿ ಎರಡಿವೆ: ನರಿತಾ ನಿಲ್ದಾಣ ಊರಿನ ನಡುವಿನಿಂದ ಸುಮಾರು 60 ಕಿಲೋಮೀಟರ್, ರೈಲಿನಲ್ಲೇ ಒಂದು ಗಂಟೆಯಷ್ಟು. ಹನೇದಾ ಸುಮಾರು 15 ಕಿಲೋಮೀಟರ್ ಅಷ್ಟೇ. ವಯಸ್ಸಾದವರು ಜೊತೆಗಿದ್ದರೆ, ಸ್ವಲ್ಪ ದುಡ್ಡು ಹೆಚ್ಚಾದರೂ ಹನೇದಾಕ್ಕೇ ಟಿಕೆಟ್ ತೆಗೆದುಕೊಳ್ಳಿ.