ಸ್ಪ್ರಿಂಗ್ ಪಟ್ಟಿ, ಎಲೆಬಲೆ: ಮಲೆನಾಡಿನ ಮಳೆಗೆ ಯಾವುದು ತಾಳುತ್ತದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸೊಪ್ಪು ಕಡಿಯದೆ ಬಿಟ್ಟ ಬೆಟ್ಟದಲ್ಲಿ ಕಾಡು ಮತ್ತೆ ಏಳುತ್ತದೆ. ಅಲ್ಲಿ ಯಾವ ಮರ ಎಷ್ಟು ದಪ್ಪವಾಯಿತು, ಎಷ್ಟು ದರಕು (ಒಣ ಎಲೆ) ಉದುರಿತು ಎಂದು ಅಳೆಯಲು ಬೊಡ್ಡೆಗೆ ಸುತ್ತಿ ಸ್ಪ್ರಿಂಗ್‌ನಿಂದ ಬಿಗಿಯುವ, ಮರ ದಪ್ಪವಾದಂತೆ ಸರಿಯುವ ಡೆಂಡ್ರೋಮೀಟರ್ ಪಟ್ಟಿ ಮತ್ತು ಮರದಡಿ ಕಟ್ಟುವ ಎಲೆಬಲೆ ಬೇಕು. ಬಲೆಯನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಪಟ್ಟಿಯನ್ನು ಮಾತ್ರ ಮರದ ತೊಗಟೆ ನೋಡಿಕೊಂಡೇ ಕೊಳ್ಳಬೇಕು.

ಉಪ್ಪಾಗೆ, ಹಲಸಿನಂಥ ಮರಕ್ಕೆ ಪಟ್ಟಿ ಚೆನ್ನಾಗಿ ಕೂರುತ್ತದೆ. ಮತ್ತಿಯ ತೊಗಟೆ ಮೊಸಳೆ ಬೆನ್ನಿನ ಹಾಗೆ ಒಡೆದಿರುವುದರಿಂದ ಪಟ್ಟಿ ಉಬ್ಬುಗಳ ಮೇಲಷ್ಟೇ ನಿಲ್ಲುತ್ತದೆ. ಒಂದು ಚಕ್ಕೆ ಕಳಚಿದರೂ ಮರ ಸಣ್ಣಗಾದ ಲೆಕ್ಕ! ಕಟ್ಟಲೇಬೇಕೆಂದರೆ ಸಡಿಲ ಚಕ್ಕೆಗಳನ್ನು ಮೊದಲೇ ಕೈಯಲ್ಲಿ ಉಜ್ಜಿ ತೆಗೆಯಿರಿ. ಕತ್ತಿ ಹಚ್ಚಿದರೆ ಗಾಯ ಊದಿಕೊಂಡು, ಅದೇ ಬೆಳವಣಿಗೆಯಂತೆ ಕಾಣುತ್ತದೆ. ನಂದಿ ಮರ ಇನ್ನೂ ಮೋಸ: ನುಣುಪಾಗಿ ಕಂಡರೂ ತೊಗಟೆ ಹಾಳೆಹಾಳೆಯಾಗಿ ಸುಲಿಯುತ್ತದೆ. ಇವೆರಡಕ್ಕೂ ಬಣ್ಣದ ಗೆರೆ ಹಾಕಿ ವರ್ಷಕ್ಕೊಮ್ಮೆ ಟೇಪು ಹಿಡಿಯುವುದೇ ವಾಸಿ.

ಸ್ಪ್ರಿಂಗ್ ಸ್ಟೇನ್‌ಲೆಸ್ಸೇ ಆಗಿರಲಿ. ಬೇರೆಯದು ನಮ್ಮ ಮಳೆಗೆ ತುಕ್ಕು ಹಿಡಿದು ಬಿಗಿ ಕಳೆದುಕೊಳ್ಳುತ್ತದೆ. ಅಂಟದಿದ್ದರೆ ಮಾತ್ರ ಸ್ಟೇನ್‌ಲೆಸ್ ಎಂಬ ಅಯಸ್ಕಾಂತದ ಪರೀಕ್ಷೆ ನಂಬಬೇಡಿ. 304 ದರ್ಜೆಯ ಸ್ಟೇನ್‌ಲೆಸ್ ತಂತಿಯೂ ಎಳೆದು ಸ್ಪ್ರಿಂಗ್ ಮಾಡಿದ ಮೇಲೆ ಸ್ವಲ್ಪ ಅಂಟುತ್ತದೆ.

ಪಟ್ಟಿ ಸುತ್ತಳತೆಗಿಂತ 15 ಸೆಂ.ಮೀ.ನಷ್ಟು ಉದ್ದವಿರಲಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಟ್ಟಿ. ಇಳಿಜಾರಾದರೆ ಮೇಲ್ಬದಿಯಿಂದ ಅಳೆಯಿರಿ. ಜನವರಿಯಲ್ಲಿ ಕಟ್ಟಿದರೆ ಮಳೆಗೆ ಮುಂಚೆ ಸಡಿಲವೆಲ್ಲ ಕೂತುಕೊಳ್ಳುತ್ತದೆ. ಪಟ್ಟಿಯ ತುದಿ ಸರಿದಂತೆ ತೆರೆದುಕೊಳ್ಳುವ ಕಿಟಕಿಯ (ಸಂದಿನ) ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಓದಬೇಕು; 6.28 ಮಿ.ಮೀ. ಸರಿದಿದ್ದರೆ ವ್ಯಾಸ 2 ಮಿ.ಮೀ. ಹೆಚ್ಚಿದೆ ಎಂದರ್ಥ. ಜೂನ್‌ನಲ್ಲಿ ಒಮ್ಮೆಲೇ ಸರಿದರೆ ಹಿಗ್ಗಬೇಡಿ, ಅದರಲ್ಲಿ ತೊಗಟೆ ನೀರು ಕುಡಿದು ಉಬ್ಬಿದ್ದೂ ಸೇರಿರುತ್ತದೆ. ಹೋಲಿಕೆ ಜನವರಿಯಿಂದ ಜನವರಿಗೇ ಆಗಬೇಕು, ಅದೂ ಬೆಳಗಿನ ಹೊತ್ತು.

ಬಲೆಯ ವಿಷಯ ಸುಲಭ. 355 ಸೆಂ.ಮೀ. ಪೈಪನ್ನು ದುಂಡಗೆ ಬಾಗಿಸಿದರೆ ಒಳಗೆ 1 ಚದರ ಮೀಟರ್ ಸಿಗುತ್ತದೆ. ಬಳೆ ಮೊಟ್ಟೆಯಾಕಾರಕ್ಕೆ ತಿರುಗಿದರೆ ವಿಸ್ತೀರ್ಣ ಕಡಿಮೆಯಾಗಿ ಲೆಕ್ಕ ಕೆಡುತ್ತದೆ, ಹಾಗಾಗಿ ತೆಳು ಪೈಪು ಬೇಡ. ಜೋಳಿಗೆ 30 ಸೆಂ.ಮೀ.ಗಿಂತ ಆಳವಿರಲಿ, ಇಲ್ಲದಿದ್ದರೆ ಗಾಳಿಗೆ ಎಲೆ ಹಾರಿಹೋಗುತ್ತದೆ. ದನ ಓಡಾಡುವ ಕಡೆ ಗೂಟ ಗಟ್ಟಿ ಬೇಕು.

15 ದಿನಕ್ಕೊಮ್ಮೆ ಬಲೆ ಖಾಲಿ ಮಾಡಿದರೆ ಸಾಕು, ಮಳೆಗಾಲದಲ್ಲಿ ಮಾತ್ರ ವಾರಕ್ಕೊಮ್ಮೆ. ತಡವಾದರೆ ಎಲೆ ಅಲ್ಲೇ ಕೊಳೆತು ತೂಕ ಇಳಿಯುತ್ತದೆ. ಪಕ್ಕದ ಮರದ್ದೂ ಬಂದು ಬೀಳುವುದರಿಂದ ಎಲೆ ನೋಡಿಯೇ ಜಾತಿ ವಿಂಗಡಿಸಬೇಕು. ಮತ್ತಿ ಎಲೆಯ ಬೆನ್ನಿಗೆ ತೊಟ್ಟಿನ ಹತ್ತಿರ ಗ್ರಂಥಿಯ ಗುಬುಟು ಇರುತ್ತದೆ. ಹುಣಾಲು ಮರದ ಎಲೆಗೂ ಇರುತ್ತದೆ, ಅದೊಂದನ್ನೇ ನೆಚ್ಚಬೇಡಿ. ವಿಂಗಡಿಸಿದ ಮೇಲೆ 65 ಡಿಗ್ರಿ ಓವನ್‌ನಲ್ಲಿ 48 ಗಂಟೆ ಒಣಗಿಸಿ, ತೂಕ ಇಳಿಯುವುದು ನಿಂತಾಗ ಬರೆದುಕೊಳ್ಳಿ. ಬಿಸಿಲಲ್ಲಿ ಒಣಗಿಸಿದ್ದು ಆಷಾಢದ ಗಾಳಿಗೆ ಮತ್ತೆ ತೇವ ಹೀರುತ್ತದೆ.