ಅಪ್ಪನ ಬಗ್ಗೆ ಬರೆಯಲು ತಂದ ನೋಟ್‌ಬುಕ್: ಮೂರು ಸ್ಟಾರ್

ಅಪ್ಪ ಹೋಗಿ ಎರಡು ತಿಂಗಳಾದ ಮೇಲೆ ಅಕ್ಕ ಇದನ್ನು ತರಿಸಿಕೊಟ್ಟಳು. ಪ್ರತಿ ಪುಟದ ಮೇಲೊಂದು ಪ್ರಶ್ನೆ, ಕೆಳಗೆ ಖಾಲಿ ಗೆರೆಗಳು. ದುಃಖಕ್ಕೂ ವರ್ಕ್‌ಬುಕ್ಕಾ ಅಂತ ಮೂಗು ಮುರಿದವನು ನಾನೇ.

ಮೊದಲು ಸಿಟ್ಟು ಬಂದದ್ದು ಹೇಳಿಬಿಡ್ತೀನಿ. ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಒಪ್ಪಿಗೆ ಅಂತ ಐದು ಅಧ್ಯಾಯ ಮಾಡಿದ್ದಾರೆ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ಈ ಹಂತಗಳನ್ನು ಹೇಳಿದ್ದು ಸಾವಿನಂಚಿನಲ್ಲಿದ್ದ ರೋಗಿಗಳ ಬಗ್ಗೆ. ಹಿಂದೆ ಉಳಿದವರ ಲೆಕ್ಕವೇ ಬೇರೆ. ನನಗಂತೂ ಕೋಪ, ಒಪ್ಪಿಗೆ ಎರಡೂ ಒಂದೇ ಮಧ್ಯಾಹ್ನ ಬಂದು ಹೋಗ್ತಿದ್ವು.

ಆದರೆ ‘ಅವರ ಯಾವ ಸದ್ದು ಈಗ ಕೇಳಿಸುತ್ತಿಲ್ಲ?’ ಅನ್ನೋ ಪುಟ ಇದೆಯಲ್ಲ, ಅದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಕನ್ನಡಕದ ಡಬ್ಬಿ ಟಪ್ಪಂತ ಮುಚ್ಚೋ ಸದ್ದು ಅಂತ ನಾನು ಬರೆದೆ. ಅದರ ಕೆಳಗೇ ಅಕ್ಕ, ‘ಮೆಟ್ಟಿಲ ಮೇಲಿನ ಕೆಮ್ಮು’. ಅಮ್ಮ ಪೆನ್ ಹಿಡ್ಕೊಂಡು ಬಹಳ ಹೊತ್ತು ಕೂತಿದ್ದು, “ನಂಗೆ ಎಲ್ಲಾ ಕೇಳಿಸ್ತಾ ಇದೆ ಕಣೋ” ಅಂತ ಪುಸ್ತಕ ವಾಪಸ್ ಕೊಟ್ಟಳು.

ಹಿಂಬದಿಯಲ್ಲಿ ‘ದಿನಾ ಬರೆಯಿರಿ, ನೋವು ಮಾಯ’ ಅಂತ ಅಚ್ಚು ಹಾಕಿದ್ದಾರೆ. ಸುಳ್ಳು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ 1986ರ ಹೆಸರಾಂತ ಪ್ರಯೋಗದಲ್ಲಿ ಬರೆಸಿದ್ದೇ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ; ನೋವಿನ ಬಗ್ಗೆ ಬರೆದವರ ಮನಸ್ಸು ಆ ಕ್ಷಣಕ್ಕೆ ಇನ್ನಷ್ಟು ಭಾರವೇ ಆಗಿತ್ತು. ನನಗೂ ಹಾಗೇ. ವಾರಕ್ಕೊಂದು ಪುಟ ಸಾಕು.

ಕಾಗದ ತೆಳು. ಅಪ್ಪನ ಇಂಕ್ ಪೆನ್ನಲ್ಲಿ ಬರೆದೆ, ಶಾಯಿ ಮೂರು ಪುಟ ದಾಟಿತು. ಬಾಲ್ ಪೆನ್ ಬಳಸಿ.