ಎಂಟು ಮೂಟೆ ಪೆಲೆಟ್ ಫೀಡ್ಸ್ ತಿನ್ನಿಸಿದ ಮೇಲೆ

ಎರಡು ಸೀಮೆಹಸುಗಳಿಗೆ 50 ಕಿಲೋದ ಎಂಟು ಮೂಟೆ ತಿನ್ನಿಸಿ ನೋಡಿದ ಮೇಲೆ ಈ ಪೆಲೆಟ್ ಫೀಡ್ಸಿನ, ಅಂದರೆ ಸಣ್ಣ ಗುಳಿಗೆಗಳಾಗಿ ಬರುವ ಪಶು ಆಹಾರದ ಬಗ್ಗೆ ಬರೆಯುತ್ತಿದ್ದೇನೆ. ಸರಕಿನಲ್ಲಿ ದೋಷವಿಲ್ಲ. ಪೆಲೆಟ್ ಗಟ್ಟಿಯಾಗಿದೆ, ಮುಗ್ಗಲು ವಾಸನೆಯಿಲ್ಲ, ಮೂಟೆಯ ತಳದಲ್ಲಿ ಪುಡಿಯೂ ಕಡಿಮೆ. ಹಸುಗಳಂತೂ ಮೊದಲ ದಿನವೇ ಗೋದಲಿಯನ್ನು ನೆಕ್ಕಿ ಖಾಲಿ ಮಾಡಿದವು.

ತೊಂದರೆ ಶುರುವಾದದ್ದು ಅಂಗಡಿಯವರ ಸಲಹೆಯಿಂದ. ಇದರಲ್ಲೇ ಎಲ್ಲವೂ ಇರುವುದರಿಂದ ರಾಗಿ ಹುಲ್ಲನ್ನು ಅರ್ಧಕ್ಕೆ ಇಳಿಸಬಹುದೆಂದು ಅವರು ಹೇಳಿದರು, ನಾನೂ ಒಂದೇ ದಿನದಲ್ಲಿ ಹಾಗೆಯೇ ಮಾಡಿದೆ. ವಾರದೊಳಗೆ ಹಾಲು ಒಂದೂವರೆ ಲೀಟರ್ ಏರಿತು, ಆದರೆ ಡೈರಿಯಲ್ಲಿ ಅಳೆಯುವ ಫ್ಯಾಟ್, ಅಂದರೆ ಹಾಲಿನ ಕೊಬ್ಬಿನಂಶ, ಶೇಕಡಾ 3.9ರಿಂದ 3.2ಕ್ಕೆ ಇಳಿಯಿತು. ಸಗಣಿ ಗಂಜಿಯಂತೆ ತೆಳುವಾಗಿ, ಮೇಲೆ ಗುಳ್ಳೆಗಳೆದ್ದು, ಹುಳಿ ವಾಸನೆ ಹೊಡೆಯುತ್ತಿತ್ತು. ಒಂದು ಉಂಡೆ ಮೆಲುಕನ್ನು ಐವತ್ತು ಅರವತ್ತು ಸಲ ಅಗಿಯುತ್ತಿದ್ದ ಹಿರಿಯ ಹಸು ಮೂವತ್ತೈದಕ್ಕೇ ನುಂಗಿಬಿಡುತ್ತಿತ್ತು. ಕೊಟ್ಟಿಗೆಯಲ್ಲಿ ಕುಳಿತು ನಾನೇ ಎಣಿಸಿದ ಲೆಕ್ಕವಿದು.

ಇದರ ಕಾರಣವನ್ನು ಪಶುವೈದ್ಯರು ಬಿಡಿಸಿ ಹೇಳಿದರು. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೆಕ್ಕೆಜೋಳದಂಥ ಕಾಳಿನ ಪಿಷ್ಟವನ್ನು ಬಹಳ ಬೇಗ ಹುದುಗಿಸಿ ಆಮ್ಲವನ್ನಾಗಿ ಮಾಡುತ್ತವೆ, ಹುಲ್ಲಿನ ನಾರು ಮಾತ್ರ ನಿಧಾನವಾಗಿ ಕರಗುತ್ತದೆ. ಆ ಆಮ್ಲವನ್ನು ತಣಿಸುವುದು ಮೆಲುಕು ಹಾಕುವಾಗ ಸುರಿಯುವ ಜೊಲ್ಲು. ದಿನಕ್ಕೆ ನೂರು ಲೀಟರಿಗೂ ಮೀರಿ ಬರುವ ಆ ಜೊಲ್ಲಿನಲ್ಲಿ ಅಡುಗೆ ಸೋಡಾದ ಅಂಶವೇ ಇರುತ್ತದೆ. ಹುಲ್ಲು ಕಡಿಮೆಯಾದರೆ ಮೆಲುಕು ಕಡಿಮೆಯಾಗಿ, ಜೊಲ್ಲೂ ಕಡಿಮೆಯಾಗಿ, ಹೊಟ್ಟೆಯ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚೆಂದು ತೋರಿಸುವ ಅಳತೆ) 6ಕ್ಕಿಂತ ಕೆಳಗೆ ಜಾರಿದಾಗ ನಾರು ಕರಗಿಸುವ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಹಾಲಿನ ಕೊಬ್ಬಿಗೆ ಬೇಕಾದ ಅಸಿಟಿಕ್ ಆಮ್ಲ ಹೆಚ್ಚಾಗಿ ಹುಟ್ಟುವುದು ಆ ನಾರಿನಿಂದಲೇ ಆದ್ದರಿಂದ ಫ್ಯಾಟ್ ಬೀಳುತ್ತದೆ. ಹೆಚ್ಚು ಹಾಲಿನಿಂದ ಬಂದ ದುಡ್ಡು ಫ್ಯಾಟಿನ ಲೆಕ್ಕದಲ್ಲಿ ಹೋದದ್ದು ಹೀಗೆ.

ಆಮೇಲೆ ರಾಗಿ ಹುಲ್ಲನ್ನು ಮೊದಲಿನಷ್ಟೇ, ತೀರ ಸಣ್ಣಗೆ ಕತ್ತರಿಸದೆ, ಫೀಡ್ಸಿಗಿಂತ ಮುಂಚೆ ಹಾಕತೊಡಗಿದೆ. ಫೀಡ್ಸನ್ನು ಎರಡು ಕಿಲೋ ಇಳಿಸಿ, ದಿನಕ್ಕೆ ಮೂರು ಪಾಲು ಮಾಡಿ, ಹಳೆಯ ಬೂಸದೊಂದಿಗೆ ಬೆರೆಸಿ ಹನ್ನೆರಡು ದಿನಗಳಲ್ಲಿ ಮೆಲ್ಲಗೆ ಏರಿಸಿದೆ. ಸಗಣಿ ಗಟ್ಟಿಯಾಯಿತು, ಫ್ಯಾಟ್ 3.8ಕ್ಕೆ ಮರಳಿತು, ಹೆಚ್ಚಿದ ಹಾಲಿನಲ್ಲಿ ಮುಕ್ಕಾಲು ಲೀಟರ್ ಹಾಗೆಯೇ ಉಳಿಯಿತು.

ನನ್ನ ತಕರಾರು ಮೂಟೆಯ ಮೇಲಿನ ಬರಹದ ಬಗ್ಗೆ. ಪ್ರೋಟೀನ್, ಕೊಬ್ಬು, ನಾರು ಎಷ್ಟೆಷ್ಟೆಂದು ಅಚ್ಚು ಹಾಕಿದವರು ಪಿಷ್ಟದ ಪ್ರಮಾಣವನ್ನಾಗಲಿ, ಎಷ್ಟು ದಿನಗಳಲ್ಲಿ ರೂಢಿ ಮಾಡಿಸಬೇಕೆಂಬುದನ್ನಾಗಲಿ ಎಲ್ಲಿಯೂ ಹೇಳಿಲ್ಲ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಇನ್ನೆರಡು ಮೂಟೆಗೆ ಹೇಳಿದ್ದೇನೆ, ಹಿತ್ತಲಿನ ಮೆದೆಯಲ್ಲಿ ಹುಲ್ಲು ಎಷ್ಟಿದೆಯೆಂದು ನೋಡಿಕೊಂಡ ಮೇಲೆಯೇ.